ಹುಸೇನ್‌ಸಾಬನ ಹಂಡೆ ಮತ್ತು ನನ್ನ ಲಂಡನ್ ಪ್ರವಾಸ

ಯಾವುದಾದರೂ ಅರ್ಜಿಯ ನಮೂನೆ ಕಂಡರೆ ಅದನ್ನು ತುಂಬದೆ ಬಿಡುವುದು ನನ್ನಿಂದ ಆಗುವುದಿಲ್ಲ. ಇದು ಚಟವೋ ರೋಗವೋ ತಿಳಿಯದು. ಸಿಂದಗಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಮಾಸ್ತರನಾಗಿ ನಾನು ಪಾಠ ಹೇಳಿದ್ದಕ್ಕಿಂತ ನಮೂನೆ ತುಂಬಿದ್ದೇ ಹೆಚ್ಚು. ಜನಗಣತಿಯದು, ಮತದಾರರ ಯಾದಿಯದು, ಸಾಲಿ ಬಿಟ್ಟ ಮಕ್ಕಳದು, ಒಮ್ಮೆ ಮನೆಮನೆಯ ಬಚ್ಚಲಿನದು. ಮೇಲಿನವರು ಕೇಳಿದರೆ ಕೊಡಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು, ಸ್ವೀಕೃತಿ ಬರದಿದ್ದರೆ ನೆನಪೋಲೆ ಕಳಿಸಬೇಕು. ನನ್ನ ವೇದಾಂತ ಇಷ್ಟೇ. ಯಾಕೆ ಕೇಳಿದಿರಿ ಎಂದು ತಿರುಗಿ ಕೇಳುವ ರೂಢಿ ನಮ್ಮ ಖಾತೆಯಲ್ಲಿ ಇರಲಿಲ್ಲ.

ಸಿಂದಗಿಗೆ ಇಂಟರ್‌ನೆಟ್ ಬಂದ ಹೊಸತು. ಬಸ್‌ಸ್ಟ್ಯಾಂಡಿನ ಹತ್ತಿರ ಶಿವಾನಂದ ಎನ್ನುವವನು ಮೂರು ಕಂಪ್ಯೂಟರ್ ಇಟ್ಟು, ನಡುವೆ ಪ್ಲೈವುಡ್ ಹೊಡೆದು, ಸೈಬರ್ ಕೆಫೆ ತೆರೆದಿದ್ದ. ಶಿಕ್ಷಕರಲ್ಲಿ ಮೊದಲು ಇಮೇಲ್ ಖಾತೆ ತೆರೆದವನು ನಾನು. ತೆರೆದ ಮೇಲೆ ಬರೆಯಲು ಯಾರೂ ಇಲ್ಲವೆಂದು ಗೊತ್ತಾಗಿ, ಬೀಗರನ್ನೂ ಗೆಳೆಯರನ್ನೂ ಹಿಡಿದು ತಂದು ಅವರಿಗೂ ಒಂದೊಂದು ತೆರೆಸಿದೆ. ಇದರಿಂದ ನಾನು ಕಂಪ್ಯೂಟರ್ ಬಲ್ಲವನೆಂಬ ಹೆಸರಾಯಿತು. ಒಂದು ಶನಿವಾರ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಇಂಟರ್‌ನೆಟ್ಟಿನ ಮೋಸಗಳ ಬಗ್ಗೆ ನಾಲ್ಕು ಮಾತು ಹೇಳಿರೆಂದರು. ಪತ್ರಿಕೆಯ ಒಂದು ತುಣುಕನ್ನು ಜೇಬಿನಲ್ಲಿಟ್ಟುಕೊಂಡು ನಲವತ್ತು ಮಾತು ಹೇಳಿದೆ. ಪಾಸ್‌ವರ್ಡನ್ನು ಯಾರಿಗೂ ಕೊಡಬಾರದು, ಹೆಂಡತಿಗೂ ಕೊಡಬಾರದು ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಸೋಮವಾರ ನನಗೊಂದು ಮೇಲ್ ಬಂತು. ನಿಮ್ಮ ಖಾತೆಯನ್ನು ಎರಡು ದಿನಗಳಲ್ಲಿ ಮುಚ್ಚಲಾಗುವುದು, ಮುಂದುವರಿಸಬೇಕಾದರೆ ಕೆಳಗಿನ ವಿವರ ತುಂಬಿ ಕಳಿಸಿ ಎಂದಿತ್ತು. ಮೇಲೆ ಮೊಹರಿನಂಥ ಒಂದು ಚಿತ್ರ, ಕೆಳಗೆ ಹೆಸರು, ಜನ್ಮದಿನಾಂಕ, ಉದ್ಯೋಗ, ಪಾಸ್‌ವರ್ಡ್ ಎಂದು ಸಾಲಾಗಿ ಕಾಲಂಗಳು. ಕಾಲಂ ಕಂಡ ಮೇಲೆ ಶನಿವಾರದ ಭಾಷಣ ಎಲ್ಲಿ ನೆನಪಿರುತ್ತದೆ? ತುಂಬಿದೆ. ಕೇಳದಿದ್ದರೂ ತಂದೆಯ ಹೆಸರು ಸೇರಿಸಿದೆ. ತಪ್ಪಾಗದಿರಲಿ ಎಂದು ಪಾಸ್‌ವರ್ಡನ್ನು ಎರಡು ಸಲ ಬರೆದೆ. ಮರುದಿನವೂ ಸ್ವೀಕೃತಿ ಬರಲಿಲ್ಲ. ಬುಧವಾರ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನ ಸೆಳೆಯುತ್ತೇನೆ ಎಂದು ನೆನಪೋಲೆ ಕಳಿಸಿದೆ. ಆ ಕಳ್ಳ ಎಲ್ಲಿಯವನೋ, ಲೋಕವನ್ನೆಲ್ಲ ಬಲೆ ಹಾಕಿ ಹಿಡಿದವನು. ಆದರೆ ಕದ್ದದ್ದಕ್ಕೆ ರಸೀದಿ ಕೇಳಿದ ಮೀನು ಅವನಿಗೆ ಸಿಂದಗಿಯಲ್ಲೇ ಸಿಕ್ಕಿರಬೇಕು.

ಶುಕ್ರವಾರ ಮುಂಜಾನೆ ಇಂಡಿ ಊರಿನಿಂದ ಬೀಗರ ಫೋನು ಬಂತು. ನನ್ನ ಮಗಳ ಮಾವ ಅವರು. ಮಾನ ಮರ್ಯಾದೆಯಲ್ಲಿ ಕೂದಲೆಳೆಯ ಲೋಪವಾದರೂ ಸಹಿಸುವವರಲ್ಲ.

"ಅಲ್ರೀ ಬೀಗರ, ಲಂಡನ್ನಿಗೆ ಹೋಗೂದಿದ್ರ ಒಂದ್ ಮಾತು ಹೇಳಬಾರದೇನ್ರಿ? ನಾವು ಬಂದು ಒಂದು ಹಾರ ಹಾಕತಿದ್ದಿಲ್ಲೇನು?"

"ನಾ ಇಲ್ಲೇ ಮನ್ಯಾಗ ಅದೀನ್ರಿ," ಎಂದೆ.

"ಹೌದೇನ್ರಿ? ಅಂದ್ರ ಬಂದಿದ್ದೂ ಹೇಳಲಿಲ್ಲ," ಎಂದು ಫೋನಿಟ್ಟರು.

ಸೊಲ್ಲಾಪುರದ ಆಚೆ ಕಾಲಿಡದ ನಾನು ಏನೊಂದೂ ತಿಳಿಯದೆ ಶಿವಾನಂದನ ಕೆಫೆಗೆ ಹೋದೆ. ನನ್ನ ಪಾಸ್‌ವರ್ಡಿಗೆ ನನ್ನ ಖಾತೆ ತೆರೆಯಲಿಲ್ಲ. ಶಿವಾನಂದ ತನಗೂ ಬಂದಿದೆಯೆಂದು ನನ್ನ ಹೆಸರಿನ ಪತ್ರವನ್ನು ತೋರಿಸಿದ. ಲಂಡನ್ನಿನಲ್ಲಿದ್ದೇನೆ, ಪರ್ಸೂ ಪಾಸ್‌ಪೋರ್ಟೂ ಕಳುವಾಗಿವೆ, ಹೋಟೆಲಿನವನು ಬಿಡುತ್ತಿಲ್ಲ, ದಯವಿಟ್ಟು ಕೂಡಲೇ ಹಣ ಕಳಿಸಿ, ಊರಿಗೆ ಬಂದ ತಕ್ಷಣ ಹಿಂದಿರುಗಿಸುತ್ತೇನೆ ಎಂದಿತ್ತು. ಒಳ್ಳೆಯ ಇಂಗ್ಲಿಷು. ನಾನು ಬರೆದದ್ದಲ್ಲವೆಂದು ಅದರಿಂದಲೇ ಯಾರಾದರೂ ಹೇಳಬಹುದಿತ್ತು.

"ನಿಮ್ಮ ಪರಿಚಯದವ್ರಿಗೆಲ್ಲಾ ಹೋಗೇತ್ರಿ ಸರ್," ಎಂದ ಶಿವಾನಂದ. "ಪಾಸ್‌ವರ್ಡ್ ಯಾರಿಗರೆ ಹೇಳಿದ್ರೇನು?"

"ಛೇ, ಇಲ್ಲಪಾ," ಎಂದೆ. ಮಾಸ್ತರಿಕೆಯ ಮಾನ ಎನ್ನುವುದೊಂದು ಇದೆಯಲ್ಲ.

ಉಳಿದವರ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಅವರೆಲ್ಲ ನಮ್ಮ ಬೀಗರಂತೆ ಹಾರ ಹಾಕುವವರೇ ಹೊರತು ಹಣ ಕಳಿಸುವವರಲ್ಲ. ಎದೆ ಧಸಕ್ಕೆಂದದ್ದು ಹುಸೇನ್‌ಸಾಬನನ್ನು ನೆನೆದು. ಅವನು ಮೋರಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ನನ್ನ ಸಾಲಿಯ ಗೆಳೆಯ, ನಾನು ಹಿಡಿದು ತಂದು ಇಮೇಲ್ ತೆರೆಸಿದವರಲ್ಲಿ ಒಬ್ಬ. ಮ್ಯಾಟ್ರಿಕ್‌ನಲ್ಲಿ ಇಂಗ್ಲಿಷ್ ಪೇಪರನ್ನು ನಾನು ಅವನದನ್ನು ನೋಡಿಯೇ ಬರೆದದ್ದು. ಗೆಳೆಯನಿಗೆ ಕಷ್ಟ ಎಂದರೆ ಉಟ್ಟ ಲುಂಗಿಯನ್ನೂ ಬಿಚ್ಚಿ ಕೊಡುವ ಮನುಷ್ಯ. ನಮ್ಮ ಮನೆಯ ವಾಸ್ತುಶಾಂತಿಗೆಂದು ಅವನ ತಾಯಿಯ ತಾಮ್ರದ ಹಂಡೆಯನ್ನೇ ಹೊತ್ತು ತಂದುಕೊಟ್ಟವನು. ಬರುವ ತಿಂಗಳು ಅವನ ಮಗಳ ಲಗ್ನ. ಅದಕ್ಕೆಂದು ವರ್ಷಗಟ್ಟಲೆ ಕೂಡಿಟ್ಟ ಹಣ ಸಿಂದಗಿಯ ಬ್ಯಾಂಕಿನಲ್ಲಿತ್ತು. ಅಲ್ಲಿಂದಲೇ ಫೋನು ಮಾಡಿದೆ. ಅವನ ಹೆಂಡತಿ ಎತ್ತಿಕೊಂಡಳು.

"ಮುಂಜಾನೇನ ಪಾಸ್‌ಬುಕ್ ತಗೊಂಡು ನಿಮ್ಮ ಸಿಂದಗಿಗೇ ಹೋಗ್ಯಾರ್ರಿ ಅಣ್ಣಾರ. ನಿಮ್ಮ ಹೆಸರು ಹೇಳಿ ಏನೋ ಗೊಣಗಾಕತ್ತಿದ್ರು."

ನಾನು ಓಡಿದವನಲ್ಲ, ಅಂದು ಓಡಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ನಾನು ತುಂಬಿದ ಒಂದು ಕಾಲಂನಿಂದ ಆ ಹುಡುಗಿಯ ಲಗ್ನ ನಿಂತರೆ ಇನ್ನು ಮೋರಟಗಿಗೆ ಯಾವ ಮುಖ ಹೊತ್ತು ಹೋಗಲಿ? ಬ್ಯಾಂಕಿನಲ್ಲಿ ಹುಸೇನ್‌ಸಾಬ ಇರಲಿಲ್ಲ. ಬಂದಿದ್ದ, ಕೆಲಸ ಮುಗಿಸಿ ಹೋದ ಎಂದರು. ಹೊರಗೆ ಬಂದೆ. ಎದುರಿನ ಹೋಟೆಲಿನ ಬೆಂಚಿನ ಮೇಲೆ ಅವನು ಮಿರ್ಚಿ ಭಜಿ ತಿನ್ನುತ್ತ ಕೂತಿದ್ದ.

"ಬಾ ಮಾಸ್ತರ," ಎಂದ. "ಲಂಡನ್ನಿಂದ ಯಾವಾಗ ಬಂದಿ?"

"ರೊಕ್ಕ ಕಳಿಸಿದೇನೋ?" ಎಂದೆ. ಉಸಿರು ಸಿಕ್ಕಿರಲಿಲ್ಲ.

"ಯಾರಿಗೆ? ನಾ ಬಂದದ್ದು ಲಗ್ನದ ರೊಕ್ಕ ತಗೀಲಿಕ್ಕೆ. ಕೂಡು, ಭಜಿ ತಿನ್ನು." ಹೆಗಲ ಮೇಲಿನ ಚೀಲವನ್ನು ತಟ್ಟಿ ತೋರಿಸಿದ. "ನಿನ್ನ ಪತ್ರ ನಿನ್ನೆ ಓದೇನಿ. ನೀನಲ್ಲಾಂತ ಆಗಿಂದಾಗ ಗೊತ್ತಾತು."

ನನಗೆ ಕಣ್ಣು ತುಂಬಿ ಬಂದವು. ಅಷ್ಟು ಜನರಲ್ಲಿ ನನ್ನನ್ನು ಸರಿಯಾಗಿ ಅರಿತವನು ಇವನೊಬ್ಬನೇ ಎನಿಸಿತು. ಹ್ಯಾಂಗ ಗೊತ್ತಾತು ಎಂದು ಕೇಳಿದೆ; ನನ್ನ ಸ್ವಭಾವದ ಬಗ್ಗೆ ಎರಡು ಒಳ್ಳೆಯ ಮಾತು ಕೇಳುವ ಆಸೆಯೂ ಇತ್ತು.

"ದಯವಿಟ್ಟು ಅಂತ ಬರದಿದ್ದ, ಅಲ್ಲೇ ಸಂಶಯ ಬಂತು," ಎಂದ ಹುಸೇನ್‌ಸಾಬ. "ಕಡೀಕ, ಬಂದ ತಕ್ಷಣ ಹಿಂದಿರುಗಿಸ್ತೇನಿ ಅಂತ ಬರದಿದ್ದ. ಖಾತ್ರಿ ಆತು. ನಮ್ಮವ್ವನ ಹಂಡೆ ಒಯ್ದು ಹದಿನಾಲ್ಕು ವರ್ಷ ಆತು ಮಾಸ್ತರ. ನನ್ನ ಛತ್ರಿ, ಸೈಕಲ್ ಪಂಪು, ಬ್ಯಾಟರಿ, ಎಲ್ಲಾ ನಿನ್ನ ಮನ್ಯಾಗ ಅದಾವ. ತಿರುಗಿ ಕೊಡ್ತೇನಿ ಅನ್ನೂ ಮಾತು ನಿನ್ನ ಬಾಯಾಗ ಒಮ್ಮಿನೂ ಕೇಳಿಲ್ಲ. ಇದು ಯಾರೋ ಕಳ್ಳ, ನಮ್ಮ ಮಾಸ್ತರ ಅಲ್ಲಾಂತ ಬಿಟ್ಟೆ."

ಭಜಿಯ ದುಡ್ಡನ್ನೂ ಅವನೇ ಕೊಟ್ಟ.

ಲಗ್ನದ ಹಿಂದಿನ ದಿನ ನನ್ನ ಹೆಂಡತಿ, "ಇನ್ನರೆ ಅವರ ಹಂಡೆ ಕೊಟ್ಟು ಬರ್ರಿ, ನಾಚಿಕಿ ಬರತೈತಿ," ಎಂದಳು. ನನಗೂ ನಾಚಿಕೆಯಾಗಿತ್ತು. ಬಚ್ಚಲೊಲೆಯ ಮೇಲಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಮೋರಟಗಿ ಬಸ್ಸಿಗೆಂದು ಹೊಸ್ತಿಲವರೆಗೂ ಹೊತ್ತು ತಂದೆ. ಅಲ್ಲಿ ನಿಂತಾಗ ಒಂದು ವಿಚಾರ ಬಂತು. ನಾಳೆ ಆ ಕಳ್ಳ ನನ್ನ ಹೆಸರಿನಲ್ಲಿ ಮತ್ತೊಂದು ಪತ್ರ ಬರೆದರೆ, ಅದು ನಾನಲ್ಲವೆಂದು ಹುಸೇನ್‌ಸಾಬ ಯಾವುದರಿಂದ ಗುರುತು ಹಿಡಿಯಬೇಕು? ಹಿಂದಿರುಗಿಸುವ ಮನುಷ್ಯ ಎಂದು ಒಮ್ಮೆ ಹೆಸರಾಯಿತೆಂದರೆ ಬಡಪಾಯಿ ಮೋಸ ಹೋಗುವುದು ಖಂಡಿತ. ಜಾಗರೂಕತೆಯ ಬಗ್ಗೆ ಊರ ಮಕ್ಕಳಿಗೆ ಭಾಷಣ ಮಾಡಿದವನು ನಾನೇ ಹೀಗೆ ಉದಾಸೀನ ಮಾಡಿದರೆ ಹೇಗೆ? ಹಂಡೆಯನ್ನು ತಂದು ಮತ್ತೆ ಒಲೆಯ ಮೇಲಿಟ್ಟೆ. ಪಾಸ್‌ವರ್ಡನ್ನು ಯಾರಿಗೂ ಕೊಡಬಾರದು.