ಎದುರು ಗುಡ್ಡದ ಕರಡಿ

ಚಳಿರಾಯನಿಗೆ ಆ ಶನಿವಾರ ಗ್ರಹಚಾರ ವಕ್ರಿಸಿದ್ದು ಒಂದು ಕೋಟಿನಿಂದ. ಕೋಟು ಅಂದರೆ ಅಂತಿಂಥ ಕೋಟಲ್ಲ. ಮೊಣಕಾಲು ಮುಚ್ಚುವಷ್ಟು ಉದ್ದ, ಕಡುಗಪ್ಪು ಬಣ್ಣ, ಮೈತುಂಬ ತುಪ್ಪಟ, ತಲೆಗೂ ಅದೇ ತುಪ್ಪಟದ ಟೋಪಿ. ಹಳೆ ಬಟ್ಟೆ ಅಂಗಡಿಯಿಂದ ಅದನ್ನು ಹೊತ್ತು ತಂದವನು ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಅಕ್ಕನ ಮೈದುನ. ವರಸೆಯಲ್ಲಿ ಭಾವ, ದರ್ಬಾರಿನಲ್ಲಿ ಅಪ್ಪ.

"ಭಾವ, ಇದು ಹೆಂಗಸರ ಕೋಟು. ಗುಂಡಿ ನೋಡಿ, ಯಾವ ಕಡೆ ಇದೆ ಅಂತ."

"ಚಳಿಗೇನೋ ಗಂಡಸು ಹೆಂಗಸು? ನಿಮ್ಮಮ್ಮ ಫೋನ್ ಮಾಡಿ ನನ್ನ ಜೀವ ತಿಂತಿದ್ದಾರೆ. ಮಗು ಕಾಡಿಗೆ ಹೋಗ್ತಿದೆಯಂತೆ, ದಪ್ಪಂದು ಏನಾದ್ರೂ ಹಾಕಿ ಕಳಿಸಪ್ಪಾ ಅಂತ. ಬಾಯಿ ಮುಚ್ಕೊಂಡು ತಗೊಂಡು ಹೋಗು."

ಮಗುವಿಗೆ ಮೀಸೆ ಬಂದು ಬಹಳ ಕಾಲವಾಗಿತ್ತು. ಸೀಮೆಯಾಚೆಯ ಈ ದೇಶಕ್ಕೆ ಅವನು ಬಂದಿದ್ದು ಅರ್ಥಶಾಸ್ತ್ರ ಓದಲಿಕ್ಕೆ. ಮೊದಲ ದಿನವೇ ಕಂಬಳಿ ಹೊದ್ದು ಕ್ಲಾಸಿಗೆ ಬಂದದ್ದರಿಂದ ಈ ಹೆಸರು ಅಂಟಿಕೊಂಡಿತು. ಓದಿನಲ್ಲಿ ಎಲ್ಲವೂ ಸರಾಗವಾಗಿಯೇ ಮುಗಿದಿತ್ತು, ಒಂದು ವಿಷಯ ಬಿಟ್ಟು. 'ಕಾಡುಪ್ರಾಣಿ ವೀಕ್ಷಣೆ ತಗೋ, ಪರೀಕ್ಷೆ ಇಲ್ಲ, ಪಿಕ್‌ನಿಕ್ಕು ಇದ್ದ ಹಾಗೆ' ಎಂದು ಬುದ್ಧಿ ಹೇಳಿದ್ದೂ ಇದೇ ಭಾವ. ಪರೀಕ್ಷೆಯೇನೋ ಇರಲಿಲ್ಲ. ಒಂದೇ ಒಂದು ದೊಡ್ಡ ಕಾಡುಪ್ರಾಣಿಯನ್ನು ಸ್ವಂತ ಕಣ್ಣಿನಿಂದ ನೋಡಬೇಕು, ಮೇಷ್ಟ್ರು ಹೌದೆನ್ನಬೇಕು, ಅಷ್ಟೆ. ಆದರೆ ಹೋದ ವರ್ಷ ಜಿಂಕೆ ಬಂದಾಗ ಚಳಿರಾಯ ಬೂಟಿನ ದಾರ ಕಟ್ಟುತ್ತಿದ್ದ. ನರಿ ಬಂದಾಗ ಸೀನುತ್ತಿದ್ದ. ಕಡವೆ ಬಂದಾಗ ಕನ್ನಡಕ ಒರೆಸುತ್ತಿದ್ದ. ಇದೀಗ ಈ ವರ್ಷದ ಕೊನೆಯ ಸುತ್ತು. ಪ್ರಾಣಿ ಕಂಡರೆ ಪದವಿ ಕೈಗೆ ಬಂದು ಮುಂದಿನ ತಿಂಗಳು ಊರು, ಬಿಸಿಲು, ಅಮ್ಮ. ಕಾಣದಿದ್ದರೆ ಇಲ್ಲೇ ಇನ್ನೊಂದು ಚಳಿಗಾಲ. ಅದನ್ನು ನೆನೆದರೇ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಹೆಂಗಸರ ಕೋಟು ಹಾಕಿಕೊಂಡು ವ್ಯಾನು ಹತ್ತಲು ಯಾವ ಗಂಡಿಗೆ ತಾನೇ ಮನಸ್ಸು ಬರುತ್ತದೆ? ಅದನ್ನು ಮಡಿಸಿ, ತುಳಿದು, ಬೆನ್ನುಚೀಲಕ್ಕೆ ತುರುಕಿ ಹೊರಟ. ಚೀಲ ತುಂಬು ಬಸುರಿಯಂತೆ ಉಬ್ಬಿತ್ತು.

"ಏನೋ ಅದು, ಮನೆ ಹಾಸಿಗೆ ತಂದ್ಯಾ?" ಎಂದ, ವ್ಯಾನಿನ ಚಾವಣಿಗೆ ತಲೆ ತಾಗುವ ಒಬ್ಬ ಸಹಪಾಠಿ. ನಾವು ಅವನನ್ನು ಉದ್ದಪ್ಪ ಎನ್ನೋಣ. ಇವರೆಲ್ಲ ಮಾತಾಡಿದ್ದು ಅವರವರ ಭಾಷೆಯಲ್ಲಿ. ನಾನು ಕನ್ನಡಕ್ಕೆ ಇಳಿಸಿದ್ದೇನೆ, ಕೊಂಕನ್ನೇನೂ ಕಮ್ಮಿ ಮಾಡಿಲ್ಲ.

"ಬಿಡೋ ಪಾಪ, ಅವನಿಗೆ ಚಳಿ," ಎಂದಳು ಪಕ್ಕದ ಹುಡುಗಿ. ಕುತ್ತಿಗೆಯಲ್ಲಿ ಸದಾ ದುರ್ಬೀನು ನೇತುಹಾಕಿಕೊಂಡಿರುತ್ತಿದ್ದ ಅವಳಿಗೂ ಪಾಸಿನದೇ ಚಿಂತೆ. ಈ ವರ್ಷ ಯಾರಿಗಾದರೂ ಮೊಲಕ್ಕಿಂತ ದೊಡ್ಡದು ಕಂಡಿದ್ದರೆ ಕೇಳಿ. ಮೇಷ್ಟ್ರು ಮೊಲವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮೇಷ್ಟ್ರ ಕತೆಯೇ ಬೇರೆ. ಈಗ ಹೊರಟಿದ್ದ ಕಣಿವೆಯಲ್ಲಿ ಕರಡಿ ಇದೆ ಎಂದು ಅವರು ತಲೆಗೂದಲು ಕಪ್ಪಿದ್ದಾಗ ಬರೆದಿದ್ದರು. ಈಗ ತಲೆಯಲ್ಲಿ ಕೂದಲೇ ಇಲ್ಲ, ಕರಡಿಯೂ ಕಂಡಿಲ್ಲ. ಕಾಲೇಜಿನಲ್ಲಿ ಜವಾನನಿಂದ ಹಿಡಿದು ಎಲ್ಲರೂ "ಕರಡಿ ಚೆನ್ನಾಗಿದೆಯಾ ಸರ್?" ಎಂದು ಕೇಳಿ ನಗುತ್ತಿದ್ದರು.

ಕಣಿವೆ ತಲುಪಿದ ಮೇಲೆ ಮೇಷ್ಟ್ರು ಎಲ್ಲರ ಕೈಗೂ ಒಂದೊಂದು ವಾಕಿಟಾಕಿ ಕೊಟ್ಟರು. "ಮಾತಾಡೋದು ನಾನೊಬ್ಬನೇ. ನೀವು ಕಿವಿಗಿಟ್ಕೊಂಡು ಕೇಳಬೇಕು, ಅಷ್ಟೆ. ಯಾರಾದ್ರೂ ತುಟಿ ಬಿಚ್ಚಿದ್ರೆ ಅಲ್ಲೇ ಫೇಲು." ಆಮೇಲೆ ಚಳಿರಾಯನ ಕಡೆ ತಿರುಗಿದರು. "ನೀನು ಸೀನ್ತೀಯ. ನಮ್ಮ ಜೊತೆ ಬೇಡ. ಈ ಬದಿಯ ಬಂಡೆ ಹತ್ರ ಕೂತ್ಕೋ. ನಾವು ಆಚೆ ಗುಡ್ಡದ ಮೇಲೆ ಇರ್ತೀವಿ."

ಎಲ್ಲರೂ ಹೋದರು. ಮಂಜು ಇಳಿಯಿತು. ಗಾಳಿ ಬೀಸತೊಡಗಿದ್ದೇ ತಡ, ಚಳಿರಾಯನ ಮಾನ ಮರ್ಯಾದೆಯೆಲ್ಲ ಹಾರಿಹೋಯಿತು. ಯಾರು ನೋಡಬೇಕು ಇಲ್ಲಿ ಎಂದು ಕೋಟು ತೆಗೆದು ತೊಟ್ಟ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಆಹಾ! ಅಮ್ಮನ ಮಡಿಲಲ್ಲಿ ಕೂತಷ್ಟು ಹಿತ. ಆ ಹಿತಕ್ಕೆ ಕನ್ನಡಕಕ್ಕೆ ಹಬೆ ಕಟ್ಟಿತು. ಒರೆಸಲು ತೆಗೆದ, ಕೈಜಾರಿ ಬಿತ್ತು. ಕನ್ನಡಕವಿಲ್ಲದೆ ಕನ್ನಡಕ ಹುಡುಕುವ ಕಷ್ಟ ಕನ್ನಡಕದವರಿಗೇ ಗೊತ್ತು. ಮಂಡಿಯೂರಿ, ಕೈಯೂರಿ, ಮೂಗನ್ನು ಹುಲ್ಲಿಗೆ ತಾಗಿಸಿಕೊಂಡು ತಡಕಾಡಿದ.

ಆಗ ವಾಕಿಟಾಕಿ ಗೊರಗುಟ್ಟಿತು. ಮೇಷ್ಟ್ರ ದನಿ ನಡುಗುತ್ತಿತ್ತು. "ಕರಡಿ! ಅಯ್ಯೋ ದೇವರೇ, ಕರಡಿ! ಎದುರು ಗುಡ್ಡದಲ್ಲಿ, ಬಂಡೆ ಪಕ್ಕದಲ್ಲೇ! ಚಳಿರಾಯ, ನಿನ್ನ ಹತ್ರಾನೇ ಇದೆ ಕಣೋ. ಉಸಿರು ಬಿಡಬೇಡ!"

ಚಳಿರಾಯ ಸುತ್ತ ನೋಡಿದರೆ ಎಲ್ಲವೂ ಮಸಕು ಮಸಕು. ಯಾವುದು ಪೊದೆ, ಯಾವುದು ಕರಡಿ, ಆ ಬ್ರಹ್ಮನಿಗೇ ಗೊತ್ತು. ವಾಕಿಟಾಕಿಯನ್ನು ಕಿವಿಗೆ ಒತ್ತಿ ಹಿಡಿದು ಮೆಲ್ಲಗೆ ಎಡಕ್ಕೆ ತೆವಳಿದ.

"ಎಡಕ್ಕೆ ಹೊರಡ್ತು," ಎಂದಿತು ವಾಕಿಟಾಕಿ.

ಅಯ್ಯಯ್ಯೋ, ಬೆನ್ನು ಬಿತ್ತಲ್ಲಪ್ಪಾ! ಗಕ್ಕನೆ ತಿರುಗಿ ಬಲಕ್ಕೆ ತೆವಳಿದ.

"ತಿರುಗ್ತು! ಬಲಕ್ಕೆ ಬರ್ತಿದೆ. ಎಷ್ಟು ಜಾಣ ಪ್ರಾಣಿ!"

ಜಾಣನಂತೆ ಜಾಣ! ಕರಡಿ ತನ್ನ ವಾಸನೆ ಹಿಡಿದಿದೆ ಎನ್ನುವುದರಲ್ಲಿ ಚಳಿರಾಯನಿಗೆ ಸಂಶಯವೇ ಉಳಿಯಲಿಲ್ಲ. ಎದ್ದವನೇ ಬಿದ್ದೆನೋ ಕೆಟ್ಟೆನೋ ಎಂದು ಓಟ ಕಿತ್ತ.

"ಓಡ್ತಿದೆ! ಎರಡೇ ಕಾಲ ಮೇಲೆ! ನೋಡ್ರೋ, ಇಂಥದ್ದು ಯಾರೂ ಎಲ್ಲೂ ಬರೆದಿಲ್ಲ!"

ಅಡ್ಡ ಬಂದ ಮರವನ್ನು ಚಳಿರಾಯ ಅಪ್ಪಿಕೊಂಡ. ಹುಟ್ಟಿದಾರಭ್ಯ ಮರ ಹತ್ತದವನು ಸರಸರ ಹತ್ತಿಬಿಟ್ಟ. ಕೊಂಬೆಯ ಮೇಲೆ ಕೂತು 'ಅಮ್ಮಾ, ನಿನ್ನ ಮಗು ಬದುಕಿತು' ಎಂದುಕೊಂಡ.

"ಮರ ಹತ್ತಿಬಿಡ್ತು!" ಎಂದಿತು ವಾಕಿಟಾಕಿ.

ಕೆಳಗೆ ನೋಡುವ ಧೈರ್ಯ ಯಾರಿಗಿದೆ? ಕಣ್ಣು ಮುಚ್ಚಿ, ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದ. ಗೊತ್ತಿಲ್ಲದವರನ್ನೂ ಕರೆದ. ಹೇಗೂ ಸಾಯುವುದೇ ಆದರೆ ನೀರಿಗೆ ಬಿದ್ದು ಸಾಯೋಣ ಎಂದು ಕೆಳಗೆ ಹರಿಯುವ ಸದ್ದಾಗುತ್ತಿದ್ದ ತೊರೆಗೆ ಧುಮುಕಿದ. ನೀರು ಮೊಣಕಾಲುದ್ದವೂ ಇರಲಿಲ್ಲ. ಕೆಸರು ಮಾತ್ರ ಧಾರಾಳವಾಗಿತ್ತು.

"ಬಿತ್ತು, ಪಾಪ," ಎಂದು ಮೇಷ್ಟ್ರು ಮರುಗಿದರು. "ಎದ್ದಿತು. ಬಂಡೆ ಹಿಂದೆ ಹೋಯ್ತು... ಮಂಜು ಮುಚ್ಚಿಬಿಡ್ತು. ಇನ್ನು ಕಾಣಲ್ಲ. ಸಾಕು ಮಕ್ಕಳಾ, ನನ್ನ ಜನ್ಮ ಸಾರ್ಥಕ ಆಯ್ತು."

ಬಂಡೆಯ ಹಿಂದೆ ಚಳಿರಾಯ ಒದ್ದೆ ಕೋಟನ್ನು ಕಳಚಿದ. ಕನ್ನಡಕ ಅದರ ತುಪ್ಪಟಕ್ಕೇ ಸಿಕ್ಕಿಕೊಂಡು ನೇತಾಡುತ್ತಿತ್ತು. ಅದನ್ನು ಮೂಗಿಗೇರಿಸಿ, ಕೋಟನ್ನು ಚೀಲಕ್ಕೆ ತುರುಕಿ, ಹಿಂದೆ ಮುಂದೆ ನೋಡದೆ ವ್ಯಾನಿಗೆ ಓಡಿದ.

ವ್ಯಾನಿನಲ್ಲಿ ಹಬ್ಬವೋ ಹಬ್ಬ. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ಒಬ್ಬೊಬ್ಬರ ಕೈಯನ್ನೂ ಹಿಡಿದು ಕುಲುಕಿದರು. "ಎಲ್ಲಾರೂ ಪಾಸು! ಎಲ್ಲಾರೂ ಪಾಸು!"

"ಅಬ್ಬಾ, ನಾನೂ ಪಾಸಾ ಸರ್?" ಎಂದ ಚಳಿರಾಯ. ಅವನಿಗೆ ಅಳುವೇ ಬಂದುಬಿಟ್ಟಿತು.

ಮೇಷ್ಟ್ರ ಮುಖ ಬಿಗಿಯಿತು. "ನೀನೆಲ್ಲಿದ್ದೆ? ಕರಡಿ ಹೋದ ಕಡೆಯೆಲ್ಲ ದುರ್ಬೀನು ಹಿಡಿದು ನೋಡಿದೀವಿ. ನೀನು ಎಲ್ಲೂ ಕಾಣಲಿಲ್ಲ. ಅದನ್ನ ಕಂಡ ತಕ್ಷಣ ಓಡಿಹೋದೆ, ಅಲ್ವಾ?"

"ಕಾಣಲೇ ಇಲ್ಲ ಸರ್..."

"ಕಾಣಲಿಲ್ಲ ಅಂತ ನೀನೇ ಒಪ್ಕೊಂಡ್ಯಲ್ಲ! ಮತ್ತೆ ಪಾಸು ಹೇಗಾಗುತ್ತೆ?"

ಹಿಂದಿನ ಸೀಟಿನಿಂದ ಉದ್ದಪ್ಪ ಇಣುಕಿದ. "ಎಂಥಾ ಕರಡಿ ತಪ್ಪಿಸ್ಕೊಂಡ್ಯೋ ಮಾರಾಯಾ! ಓಡ್ತಾ ಓಡ್ತಾನೂ ಮುಂಗಾಲಲ್ಲಿ ಏನೋ ಕರ‍್ರಗಿಂದು ಕಿವಿಗೆ ಒತ್ಕೊಂಡಿತ್ತು. ಫೋನಲ್ಲಿ ಮಾತಾಡ್ತಿದೆಯೇನೋ ಅನ್ನಿಸ್ತು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಳಿರಾಯ ಮಾತ್ರ ನಗಲಿಲ್ಲ. ಅವನ ಕೈ ತಾನಾಗಿ ಕಿವಿಗೆ ಹೋಯಿತು. ಎಡಕ್ಕೆ, ಬಲಕ್ಕೆ, ಮರಕ್ಕೆ, ತೊರೆಗೆ. ಒಂದೊಂದೂ ತಲೆಯೊಳಗೆ ಬಂದು ಕೂತಿತು. ಥೂ, ಇಷ್ಟು ಹೊತ್ತು ತನಗೆ ತಾನೇ ಹೆದರಿ ಓಡಿದೆನಲ್ಲ! ನಾಚಿಕೆ, ಸಿಟ್ಟು, ದುಃಖ ಒಟ್ಟಿಗೆ ನುಗ್ಗಿಬಂದವು. ನಿಜ ಹೇಳಿಬಿಡೋಣ ಎಂದು ಚೀಲದ ಜಿಪ್ಪಿಗೆ ಕೈಹಾಕಿದ.

ಆ ಕೈಯ ಮೇಲೆ ಇನ್ನೊಂದು ಕೈ ಬಂತು. ದುರ್ಬೀನಿನ ಹುಡುಗಿ ಜಿಪ್ಪಿನಿಂದ ಹೊರಗಿಣುಕುತ್ತಿದ್ದ ಕರಿ ತುಪ್ಪಟವನ್ನು ನೋಡಿದಳು, ಅವನ ಮುಖ ನೋಡಿದಳು, ತುಪ್ಪಟವನ್ನು ಒಳಗೆ ತಳ್ಳಿ ಜಿಪ್ಪು ಎಳೆದಳು.

"ಸುಮ್ನಿರು," ಎಂದು ಪಿಸುಗುಟ್ಟಿದಳು. "ಹೇಳಿದ್ರೆ ನಾವೆಲ್ಲಾ ಫೇಲು. ನೀನಂತೂ ಹೇಗಿದ್ರೂ ಫೇಲು. ಆ ಮುದುಕರ ಮುಖ ನೋಡಪ್ಪಾ, ಹೇಳೋಕೆ ಮನಸ್ಸು ಬರುತ್ತಾ?"

ನೋಡಿದ. ಮೇಷ್ಟ್ರು ಕಿಟಕಿಯಾಚೆಯ ಮಂಜಿಗೆ ಕೈಬೀಸುತ್ತಿದ್ದರು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ. ಮನಸ್ಸು ಬರಲಿಲ್ಲ.

"ನಿನಗೂ ಒಂದು ಅವಕಾಶ ಕೊಡ್ತೀನಿ," ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಬರೋ ಶನಿವಾರ ಮತ್ತೆ ಬರೋಣ. ನಮ್ಮ ಕಾಲೇಜಿನವರು ಬಾಯಿಮಾತು ನಂಬಲ್ಲ. ಕರಡಿ ಇನ್ನೊಂದು ಸಲ ಬಂದ್ರೇನೇ ಇವರೆಲ್ಲರ ಪಾಸೂ ಖಾಯಂ. ಪಶುವೈದ್ಯರನ್ನ ಕರ‍್ಕೊಂಡು ಬರ್ತೀನಿ. ದೂರದಿಂದಲೇ ಬಂದೂಕಲ್ಲಿ ಮತ್ತಿನ ಸೂಜಿ ಹೊಡೆದು, ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಕಳಿಸೋಣ. ನೀನು ಅದೇ ಬಂಡೆ ಹತ್ರ ಕೂತಿರು."

"ಕರಡಿ ಬರುತ್ತಾ ಸರ್?" ಎಂದ ಉದ್ದಪ್ಪ ಗಾಬರಿಯಿಂದ.

"ಬಂದೇ ಬರುತ್ತೆ," ಎಂದಳು ಹುಡುಗಿ. ಹೇಳಿದ್ದು ಉದ್ದಪ್ಪನಿಗೆ, ಕಣ್ಣು ಮಾತ್ರ ಚಳಿರಾಯನ ಮೇಲಿತ್ತು. "ನಮ್ಮೆಲ್ಲರ ಭವಿಷ್ಯದ ಪ್ರಶ್ನೆ. ಬರದೆ ಏನು ಮಾಡುತ್ತೆ ಪಾಪ?"

ವ್ಯಾನು ಹೊರಟಿತು. ಎಲ್ಲರೂ ಹಾಡತೊಡಗಿದರು. ಸ್ವಲ್ಪ ದೂರ ಹೋದ ಮೇಲೆ ಚಳಿರಾಯ ಮೇಷ್ಟ್ರ ಸೀಟಿನ ಕಡೆಗೆ ಬಗ್ಗಿ ಮೆತ್ತಗೆ ಕೇಳಿದ:

"ಸರ್, ಆ ಸೂಜಿ ಎಷ್ಟು ದಪ್ಪ ಇರುತ್ತೆ?"