ನಾಲ್ಕು ಬೆರಳು ಜಾಗ ಬಿಡದ ಬಾಗಿಲಿಗೆ

ಗೆ,
ಹಿಂಬದಿ ಕೋಣೆಯ ತೇಗದ ಬಾಗಿಲಿನವರ ಸನ್ನಿಧಾನಕ್ಕೆ

ಮಾನ್ಯರೇ,

ತಾವು ಚೌಕಟ್ಟು, ಕೀಲು, ಚಿಲಕಗಳ ಸಮೇತ ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ಕಣ್ಣಾರೆ ಕಾಣುತ್ತಿದ್ದೇನೆ. ಈ ಪತ್ರವನ್ನು ತಮ್ಮೆದುರಿಗೇ ಒಂದು ಸ್ಟೂಲು ಹಾಕಿಕೊಂಡು ಕುಳಿತು ಬರೆಯುತ್ತಿದ್ದೇನೆ. ನನ್ನದೇ ಕೋಣೆಯ ಹೊರಗೆ ನಾನೇಕೆ ಕುಳಿತಿದ್ದೇನೆ ಎಂಬುದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಖಾಸಗಿಯಾಗಿ ತಮ್ಮಲ್ಲಿ ಎಷ್ಟೋ ಸಲ ಮನವಿ ಮಾಡಿದ್ದೇನೆ, ಒಮ್ಮೆ ಭುಜದಿಂದಲೂ ಮಾಡಿದ್ದೇನೆ. ತಾವು ಜಪ್ಪಯ್ಯ ಎಂದರೂ ಕದಲದೆ ಹೋದದ್ದರಿಂದ ಊರವರೆಲ್ಲ ಓದುವಂತೆ ಬರೆಯಬೇಕಾಗಿ ಬಂದಿದೆ. ಮನ್ನಿಸಬೇಕು.

ತಮಗೆ ಗೊತ್ತಿರುವಂತೆ ನಾನು ಕಟ್ಟುಹಲ್ಲು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಅದಕ್ಕೆ ಸರಿಯಾಗಿ ಕೂರುವ ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇನೆ, ಅದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಊಟಕ್ಕೆ ಕುಳಿತವರು ನನ್ನ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಾರೆ. ಕೆಲಸದಲ್ಲಿ ಉಳಿದ ಪ್ಲಾಸ್ಟರಿನಿಂದ ತಮ್ಮ ಬೆನ್ನ ಹಿಂದೆ ಒಂದು ಬೆಟ್ಟ ಎದ್ದಿತು. ಬೆಟ್ಟವಿದ್ದ ಮೇಲೆ ಸುರಂಗ ಬೇಡವೇ, ಸುರಂಗವಿದ್ದ ಮೇಲೆ ರೈಲು ಬೇಡವೇ ಎಂದುಕೊಂಡು, ಹಲ್ಲಿನ ಸಂದು ಕೆತ್ತುವ ಉಪಕರಣದಿಂದಲೇ ನಾನು ಸ್ಟೇಷನ್ನಿನ ಹೆಂಚು ಕೆತ್ತಿದೆ, ಗುಂಡುಸೂಜಿಗಳನ್ನು ದೀಪದ ಕಂಬ ಮಾಡಿದೆ, ಸೋಸಿದ ಚಹಾಪುಡಿಯನ್ನು ಒಣಗಿಸಿ ಹಳಿಯ ಬದಿಗೆ ಮಣ್ಣಾಗಿ ಉದುರಿಸಿದೆ. ವಸಡಿನ ಬಣ್ಣ ಮಿಕ್ಕಿತ್ತಾದ್ದರಿಂದ ಸ್ಟೇಷನ್ ಮಾಸ್ತರರ ಮನೆಯ ಗೋಡೆ ಕೊಂಚ ಗುಲಾಬಿಯಾಯಿತು, ಅದನ್ನು ಯಾರೂ ಆಕ್ಷೇಪಿಸಿಲ್ಲ.

ಹಲಗೆಗಳನ್ನು ಜೋಡಿಸಿದರೆ ಸಂದಿನಲ್ಲಿ ಹಳಿ ಎದ್ದು ರೈಲು ಮಗುಚುತ್ತದೆಂದು ಇಡೀ ಊರನ್ನು ಒಂದೇ ಅಖಂಡ ಹಲಗೆಯ ಮೇಲೆ, ಬೆಟ್ಟವನ್ನು ಅದಕ್ಕೇ ಅಂಟಿಸಿ ಕಟ್ಟಿದೆ. ರೈಲಿನ ಡಬ್ಬಿಗಳು ಸುರಂಗದ ಗೋಡೆಗೆ ತಾಗಬಾರದೆಂದು ರಟ್ಟಿನಲ್ಲಿ ಅಳತೆಯ ತುಂಡು ಕತ್ತರಿಸಿ, ಅದನ್ನು ಸುರಂಗದ ಈ ಬಾಯಿಂದ ಆ ಬಾಯಿಗೆ ಎಳೆದು ಪರೀಕ್ಷಿಸಿದೆ. ಹೀಗೆ ಎಲ್ಲ ದ್ವಾರಗಳನ್ನೂ ಅಳೆದವನು ಅಳೆಯದೆ ಬಿಟ್ಟದ್ದು ತಮ್ಮೊಬ್ಬರನ್ನು ಮಾತ್ರ. ಬಟ್ಟೆ ಹೊಲಿಯುವ ಕೆಲಸದವಳಾದ ನನ್ನ ಹೆಂಡತಿ ಕುತ್ತಿಗೆಯ ಟೇಪನ್ನೂ ತೆಗೆಯದೆ ಬಂದು ನಿಂತು, "ರೀ, ಅಳತೆ ತಗೊಂಡ್ರಾ? ಇದು ಆಚೆ ಹೋಗೋದು ಹೆಂಗೆ?" ಎಂದು ಕೇಳಿದ್ದಳು. "ರೈಲು ತಾನೇ, ಹಳಿ ಮೇಲೆ ಹೋಗತ್ತೆ" ಎಂದು ನಾನು ನಕ್ಕಿದ್ದೆ. ಆ ನಗುವನ್ನು ಅವಳು ಇನ್ನೂ ಹೊಟ್ಟೆಗೆ ಹಾಕಿಕೊಂಡಿಲ್ಲ.

ಇಲ್ಲಿ ತಮ್ಮ ಜನ್ಮದಾತರ ಪ್ರಸ್ತಾಪ ಅನಿವಾರ್ಯ. ತಮ್ಮನ್ನು ಒಂದೇ ಒಂದು ಮೊಳೆಯಿಲ್ಲದೆ ಕೂರಿಸಿದ ಬಡಗಿ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಅವರು ಈವರೆಗೆ ಮಾಡಿದ ಬಾಗಿಲುಗಳಲ್ಲೆಲ್ಲ ತಾವೇ ಶ್ರೇಷ್ಠರೆಂಬುದು ಅವರ ಖಚಿತ ಅಭಿಪ್ರಾಯ. ಕೋಣೆಯಲ್ಲಿ ನಾನು ಹಳಿ ಹಾಸಿದ್ದು ಕಂಡ ದಿನ ಅವರು, "ಗಂಡಸು ಕೂತು ಆಟದ ರೈಲು ಓಡಿಸೋ ಕೋಣೆಗಾ ನಾನು ಈ ಬಾಗಿಲು ಮಾಡಿಕೊಟ್ಟಿದ್ದು?" ಎಂದು ಹೊಸ್ತಿಲಿನಿಂದಲೇ ತಿರುಗಿ ಹೋದವರು, ಆಮೇಲೆ ಮನೆಗೆ ಬಂದಾಗಲೆಲ್ಲ ನಡುಮನೆಯಲ್ಲಿ ಕಾಫಿ ಕುಡಿದು, ಬಾಗಿಲಾದ ತಮ್ಮ ಮೈಯನ್ನೊಮ್ಮೆ ಸವರಿ, ಒಳಗೆ ಇಣುಕದೆ ಹೊರಟುಬಿಡುತ್ತಿದ್ದರು. ಮಾದರಿ ರೈಲುಗಳ ಸಂಘದವರು ಕೊನೆಗೂ ನನ್ನನ್ನು ಊರ ಹಾಲ್‌ನಲ್ಲಿ ನಡೆಯುವ ಪ್ರದರ್ಶನಕ್ಕೆ ಕರೆದಾಗ ಮಾವ ಮಗಳ ಕಾಟ ತಾಳಲಾರದೆ, "ಹಾಲ್‌ನಲ್ಲಿ ಇಟ್ರೆ ಬಂದು ನೋಡ್ತೀನಿ, ಆ ಕೋಣೆಗೆ ಮಾತ್ರ ಕಾಲಿಡಲ್ಲ" ಎಂದು ಮಾತು ಕೊಟ್ಟರು. ನನಗೆ ಬಹುಮಾನದ ಆಸೆ ಇರಲಿಲ್ಲ ಎಂದರೆ ಸುಳ್ಳು, ಆದರೆ ಅದಕ್ಕಿಂತ ದೊಡ್ಡ ಆಸೆ ಆ ಮನುಷ್ಯ ಒಮ್ಮೆ ಬಗ್ಗಿ ನನ್ನ ಕೆಲಸ ನೋಡಲಿ ಎಂಬುದಾಗಿತ್ತು. ಅದಕ್ಕೆ ಬೇಕಾಗಿದ್ದದ್ದು ತಮ್ಮ ಒಂದು ಸಣ್ಣ ಸಹಕಾರ.

ಪ್ರದರ್ಶನದ ಹಿಂದಿನ ದಿನ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಹಲಗೆ ಎತ್ತಿದಾಗ ತಾವು ತೋರಿದ ತತ್ವನಿಷ್ಠೆಯನ್ನು ಹೇಗೆ ಹೊಗಳಲಿ? ನೆಟ್ಟಗೆ ತಂದರೆ ಹಲಗೆಯನ್ನು ತಡೆದಿರಿ, ಓರೆ ಮಾಡಿದರೆ ಬೆಟ್ಟವನ್ನು ತಡೆದಿರಿ, ನಾಲ್ಕೇ ನಾಲ್ಕು ಬೆರಳಿನ ಪ್ರಶ್ನೆ ಎಂದು ಅಂಗಲಾಚಿದರೆ ನನ್ನ ಮೊಣಕೈಯ ಚರ್ಮವನ್ನು ದಾಖಲೆಗೆಂದು ಇಟ್ಟುಕೊಂಡಿರಿ. ಬೇರೆ ಬಾಗಿಲುಗಳು ಬೇಸಿಗೆಯಲ್ಲಿ ಒಂದಿಷ್ಟಾದರೂ ಕುಗ್ಗುತ್ತವೆ, ತಾವು ಯಾವ ಋತುವಿನ ಮುಲಾಜಿಗೂ ಬಿದ್ದವರಲ್ಲ. ಒಂದು ಬೆಳಗಿನ ಮಟ್ಟಿಗೆ ಉಸಿರು ಬಿಗಿಹಿಡಿದು ಅಗಲವಾಗಬಹುದಿತ್ತು, ಅದು ಘನತೆಗೆ ಕುಂದೆನಿಸಿದರೆ ಗೋಡೆಗೆ ಹೇಳಿ ಅರ್ಧ ದಿನದ ರಜೆ ಪಡೆದು ಅಂಗಳದಲ್ಲಿ ಅಡ್ಡಾಡಿ ಬರಬಹುದಿತ್ತು, ನಾನೇನೂ ಬೇಡವೆನ್ನುತ್ತಿರಲಿಲ್ಲ.

ಅಕ್ಕಪಕ್ಕದವರು ಹಲಗೆಯನ್ನು ಇದ್ದಲ್ಲಿಗೇ ಮರಳಿಸಿ ಹೋದ ಮೇಲೆ, ಹೆಂಡತಿಯ ಕರೆಗೆ ಓಗೊಟ್ಟು ಮಾವ ಉಳಿ, ಸುತ್ತಿಗೆಗಳ ಚೀಲ ಹಿಡಿದು ಬಂದರು. ಚೌಕಟ್ಟನ್ನೇ ಬಿಚ್ಚಿಬಿಡುವುದೆಂದು ತೀರ್ಮಾನವಾಯಿತು. ಹೊರಗೆ ನಿಂತು ಉಳಿಯನ್ನು ತಮ್ಮ ಸಂದಿಗೆ ಇಟ್ಟ ಅವರ ಕೈ ಮಾತ್ರ ಮುಂದುವರಿಯಲಿಲ್ಲ. ಅವರ ಮುಖ ನೋಡಿ ನನಗೆ ತಡೆಯಲಾಗದೆ, "ಬೇಡ ಮಾವ, ನಾನು ಬೆಟ್ಟಾನೇ ಕೊಯ್ತೀನಿ" ಎಂದು ಒಳಗೆ ಗರಗಸ ಎತ್ತಿದೆ. ಅದು ಪ್ಲಾಸ್ಟರಿಗೆ ತಾಗಿ ಕಿರ್ ಎಂದದ್ದೇ ತಡ, "ಇರಿ ಇರಿ, ಮಾಡಿದ್ದನ್ನ ಹಾಗೆ ಹಾಳು ಮಾಡ್ತಾರಾ?" ಎನ್ನುತ್ತ ಅವರು ನುಗ್ಗಿ ಬಂದು ನನ್ನ ಕೈ ಹಿಡಿದರು. ಹಿಡಿದ ಮೇಲೆಯೇ ನಮ್ಮಿಬ್ಬರಿಗೂ ಹೊಳೆದದ್ದು, ಅವರು ಹೊಸ್ತಿಲು ದಾಟಿದ್ದಾರೆಂದು.

ಬಂದದ್ದಾಯಿತು ಎನ್ನುವಂತೆ ಕನ್ನಡಕ ಏರಿಸಿ ಬಗ್ಗಿದರು. ಸ್ಟೇಷನ್ನಿನ ಪಕ್ಕದಲ್ಲಿ ಒಂದು ಬಡಗಿಯ ಅಂಗಡಿ ಇದೆ. ಬೆಂಕಿಕಡ್ಡಿಗಳ ಮರದ ರಾಶಿ, ಚಿಟಿಕೆಯಷ್ಟು ಹೊಟ್ಟು, ಅದಕ್ಕೊಂದು ಪುಟ್ಟ ಬಾಗಿಲು. ಮೂರು ಚೌಕದ ಅಂಕಣ, ಮೇಲೆ ಕಮಲದ ಕೆತ್ತನೆ; ಅದು ತಾವೇ. ಅದನ್ನು ಕೆತ್ತುವಾಗ ಯಾರ ನೆನಪಿತ್ತೆಂದು ನಾನು ಹೇಳಬೇಕಾಗಿಲ್ಲ. ಮಾವ ಬಹಳ ಹೊತ್ತು ನೋಡಿದರು, ನನ್ನ ಕಣ್ಣು ಮಂಜಾಗತೊಡಗಿತು, ಆಗ ಅವರೆಂದರು: "ಅಳಿಯಂದ್ರೇ, ಕೀಲು ಆ ಕಡೆ ಕೂರಿಸಿಬಿಟ್ಟಿದೀರಲ್ಲ!"

ನಿಜ. ಸದಾ ಒಳಗೆ ಕುಳಿತಿರುತ್ತಿದ್ದ ನಾನು ಒಳಗಿನಿಂದ ಕಂಡಂತೆ ತಮ್ಮನ್ನು ನಕಲು ಮಾಡಿ ಅಂಗಡಿಯ ಹೊರಮುಖಕ್ಕೆ ಅಂಟಿಸಿದ್ದೆ, ಬಲಗಡೆಯ ಕೀಲು ಎಡಕ್ಕೆ ಹೋಗಿತ್ತು. ಅವರೋ ತಮ್ಮನ್ನು ಈ ವರ್ಷಗಳಲ್ಲೆಲ್ಲ ಹೊರಗಿನಿಂದ ಮಾತ್ರ ನೋಡಿದವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು, ಹೆಂಡತಿ ಮತ್ತೊಂದು ಸುತ್ತು ಕಾಫಿ ತಂದಳು.

ಹಲಗೆ ಹಾಲ್‌ಗೆ ಹೋಗಲೇ ಇಲ್ಲ. ಸಂಘದ ಕಾರ್ಯದರ್ಶಿ ಬಂದು ನೋಡಿ, ತಲೆ ಕೆರೆದುಕೊಂಡು, 'ಒಂದು ಮಾದರಿ ಹಿಂದಿನ ಬೀದಿಯ ಮನೆಯಲ್ಲಿದೆ' ಎಂದು ಹಾಲ್‌ನ ಬಾಗಿಲಿಗೆ ಚೀಟಿ ಅಂಟಿಸಿದರು. ಜನ ಸಾಲುಗಟ್ಟಿ ಬಂದರು. ಕೋಣೆ ಚಿಕ್ಕದಾದ್ದರಿಂದ ಮಾವ ತಮ್ಮ ಪಕ್ಕದಲ್ಲಿ ನಿಂತು ಇಬ್ಬಿಬ್ಬರನ್ನೇ ಒಳಗೆ ಬಿಡುತ್ತಿದ್ದರು, ಬಿಡುವ ಮುನ್ನ ಬಾಗಿಲಾದ ತಮ್ಮ ಗುಣಗಾನವನ್ನು ಪೂರ್ತಿ ಕೇಳಿಸುತ್ತಿದ್ದರು. ನನ್ನ ರೈಲು ಒಂದು ಸಲವೂ ಮಗುಚದೆ ಓಡಿತು. ಸಂಜೆ ಕಾರ್ಯದರ್ಶಿಗಳು 'ಅತ್ಯುತ್ತಮ ಕುಸುರಿ ಕೆಲಸ' ಎಂಬ ರಿಬ್ಬನ್ ತಂದವರು, ಜನ ಅತಿ ಹೆಚ್ಚು ಮೆಚ್ಚಿದ್ದು ಈ ಬಾಗಿಲನ್ನೇ ಎಂದು ಅದನ್ನು ತಮ್ಮ ಚಿಲಕಕ್ಕೆ ಕಟ್ಟಿ ಹೋದರು. ಚಹಾಪುಡಿ ಸೋಸಿದವನು ನಾನು, ರಿಬ್ಬನ್ ತಮಗೆ! ಆದರೂ ಅಭಿನಂದನೆಗಳು.

ಈಗ ಮುಖ್ಯ ದೂರು. ಕೀಲು ಸರಿಪಡಿಸಿಕೊಡುತ್ತೇನೆಂದು ಬಂದ ಮಾವ ಆಮೇಲೆ ದಿನವೂ ಬರುತ್ತಿದ್ದಾರೆ. ಇಂದು ಬೆಳಗಿನಿಂದ ನನ್ನ ಕುರ್ಚಿಯಲ್ಲಿ ಕುಳಿತು ನನ್ನ ರೈಲು ಓಡಿಸುತ್ತಿದ್ದಾರೆ, "ಕೈ ಅಲ್ಲಾಡತ್ತೆ, ಒಳಗೆ ಬರಬೇಡಿ" ಎಂದು ಚಿಲಕ ಹಾಕಿಕೊಂಡಿದ್ದಾರೆ. ಗಂಡಸು ಕೂತು ಆಟದ ರೈಲು ಓಡಿಸೋ ಕೋಣೆ ಎಂದವರು ಯಾರೆಂದು ತಮಗೆ ನೆನಪಿರಬಹುದು. ದಯವಿಟ್ಟು ತಾವಾಗಿಯೇ ತೆರೆದುಕೊಳ್ಳಬೇಕೆಂದು, ಅದಾಗದಿದ್ದರೆ ಸಂದಿನಲ್ಲಿ ಒಂದು ಕಣ್ಣು ಹಿಡಿಸುವಷ್ಟಾದರೂ ಜಾಗ ಬಿಡಬೇಕೆಂದು ಪ್ರಾರ್ಥಿಸುತ್ತೇನೆ. ಅವರು ಒಳಗಿದ್ದಾರೆಂಬ ಸಂತೋಷವೇ ನನಗೆ ಸಾಕೆಂದು ಮಾತ್ರ ತಿಳಿಯಬೇಡಿ; ಸಂತೋಷವೇನೋ ಹೌದು, ಆದರೆ ಸರದಿ ನನ್ನದು.

ಇಂತು, ಹೊಸ್ತಿಲಿನ ಹೊರಗಿನಿಂದ,
ತಮ್ಮ ವಿಶ್ವಾಸಿ,
ಕಟ್ಟುಹಲ್ಲಿನವನು

ವಿ.ಸೂ.: ಪತ್ರ ಮಡಿಸುವಷ್ಟರಲ್ಲಿ ಒಳಗೆ ಗರಗಸದ ಸದ್ದು ಕೇಳಿಸಿತು. ಏನೆಂದು ಕೇಳಿದರೆ, ಮಾವ ಬೆಟ್ಟದ ಆಚೆಗೊಂದು ದೊಡ್ಡ ಸ್ಟೇಷನ್ ಸೇರಿಸುತ್ತಿದ್ದಾರಂತೆ, ಮುಂದಿನ ವರ್ಷ ಹಾಲ್‌ನಲ್ಲೇ ಇಡುವುದಂತೆ. "ಅಳತೆ ತಗೊಂಡ್ರಾ ಮಾವ?" ಎಂದು ತಮ್ಮ ಮೂಲಕವೇ ಕೂಗಿದೆ. "ನನಗ್ಯಾತರ ಅಳತೆ? ಬಾಗಿಲು ಮಾಡಿದ್ದು ನಾನೇ ಅಲ್ವಾ!" ಎಂದರು. ತಾವು ದಯವಿಟ್ಟು ಈಗಲೇ ಏನೂ ಹೇಳಬೇಡಿ.