ಎರಡು ಮೂಗುದಾರದ ಜೀಪು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದು ಇದೇ ಮೊದಲು. ಒಂದು ಮಾತು ಹೇಳಲು ಹೋದರೆ ಅದಕ್ಕೂ ಮುಂಚೆ ಹೇಳಬೇಕಾದ ಇನ್ನೆರಡು ನೆನಪಾಗುತ್ತವೆ, ಹಾಗಾಗಿ ಕೆಟ್ಟದಾಗಿಯೇ ಹೇಳುತ್ತೇನೆ. ಆದರೆ ನಮ್ಮ ಓನರ್ ಮನೆಯಲ್ಲಿ ಭಾನುವಾರ ಬಂತೆಂದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಯಾರಾದರೂ ಬರೆದಿಡಬೇಕಲ್ಲ.

ಓನರ್ ಅಂದರೆ ನಾನು ಬಾಡಿಗೆಗಿರುವ ಮನೆಯ ಯಜಮಾನರು. ವೈಟ್‌ಫೀಲ್ಡ್ ಆಚೆಯ ಹಳ್ಳಿ. ಮೆಟ್ರೋ ಬರುತ್ತದೆ ಅನ್ನುವ ಸುದ್ದಿಗೇ ಇಲ್ಲಿ ಬಾಡಿಗೆ ಏರಿಬಿಟ್ಟಿದೆ. ನಾನು ಕೊಪ್ಪಳದ ಕಡೆಯವನು, ಇಲ್ಲಿಯ ಫ್ಯಾಕ್ಟರಿಯಲ್ಲಿ ನೀರಿನ ಪಂಪು ಸರಿಯಾಗಿ ತಿರುಗುತ್ತದೋ ಇಲ್ಲವೋ ನೋಡುವ ಕೆಲಸ. ಎಂಜಿನಿಯರ್ ಅಲ್ಲ. ಆದರೆ ಮನೆ ನೋಡಲು ಬಂದ ದಿನ ಕೆಟ್ಟು ನಿಂತಿದ್ದ ಅವರ ಮೋಟಾರು ಸರಿ ಮಾಡಿಕೊಟ್ಟೆ. ಅವತ್ತಿನಿಂದ ನಾನು "ಇಂಜಿನಿಯರಪ್ಪ".

ಯಜಮಾನರಿಗೆ ಉಳಿದಿರುವುದು ಕೆರೆಯ ಆಚೆ ಒಂದು ತುಂಡು ಹೊಲ. ಗಾಡಿದಾರಿಗೆ ಅಡ್ಡವಾಗಿ ಅಪಾರ್ಟ್‌ಮೆಂಟಿನ ಕಾಂಪೌಂಡ್ ಎದ್ದಿತು. ಈಗ ಕೆರೆಯಂಗಳದ ಕೆಸರಲ್ಲಿ ಹೋಗಿ, ಒಂದು ಕಾಲುವೆ ಇಳಿದು ಹತ್ತಬೇಕು. ಯಜಮಾನರ ಹೆಂಡತಿಯನ್ನು ಬಾಡಿಗೆಯವರೆಲ್ಲ ಅಮ್ಮ ಅನ್ನುತ್ತೇವೆ. ಅಮ್ಮನಿಗೆ ಮಂಡಿನೋವು. ಕಾಂಪೌಂಡ್ ಬಂದಮೇಲೆ ಅವರು ಹೊಲದ ಮುಖ ನೋಡಿರಲಿಲ್ಲ. ಯಜಮಾನರು "ಒತ್ಕಂಡ್ ಓಯ್ತೀನಿ ಬಾರೇ" ಅಂದರೆ, "ನಾನೇನು ಎಣಾನಾ?" ಅಂದರಂತೆ.

ಈ ವರ್ಷ ಹೊಲದಲ್ಲಿ ಅವರೆ ಹೂವಿಗೆ ಬಂದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಈ ಸಲ ನನ್ ಒಲದ ಕಾಯಿ ನಾನೇ ಕೀಳ್ಬೇಕು."

ಮಾರನೇ ಬೆಳಿಗ್ಗೆ ಯಜಮಾನರು ನನ್ನ ಬಾಗಿಲು ಬಡಿದರು. "ನಾಕು ಚಕ್ರಾನೂ ಎಳೆಯೋ ಜೀಪು ಸೆಕೆಂಡ್ ಹ್ಯಾಂಡಲ್ಲಿ ಸಿಗ್ತದಂತಲ್ಲ? ನಡಿ, ನೋಡ್ಕಂಡ್ ಬರನ."

ಕೆಸರು ಕಾಣದ ಜೀಪು

ಪೇಪರಿನ ಜಾಹೀರಾತು ನೋಡಿ ಮೊದಲು ಹೋದದ್ದು ಮಾರತ್ತಹಳ್ಳಿಗೆ. ಜೀಪಿನ ಹುಡುಗ ಸಾಫ್ಟ್‌ವೇರಿನವನು. ಬೆಟ್ಟಗುಡ್ಡ ಹತ್ತಿಸಲೆಂದು ತೆಗೆದುಕೊಂಡು ಬೇಸ್‌ಮೆಂಟಿನಲ್ಲಿ ಹೊದಿಕೆ ಹಾಕಿ ಮಲಗಿಸಿದ್ದ. ನಾನು ಬಗ್ಗಿ ಅಡಿಯಲ್ಲಿ ತುಕ್ಕು ಇದೆಯಾ, ಆಯಿಲ್ ಸೋರಿದೆಯಾ ನೋಡಿದೆ. (ಹಳೇ ಜೀಪಿಗೆ ಮೇಲಿನ ಬಣ್ಣ ನೋಡಬಾರದು, ಅಡಿ ನೋಡಬೇಕು.) ಯಜಮಾನರು ಸುತ್ತ ಒಂದು ಸುತ್ತು ಬಂದು, ಹಿಂಭಾಗಕ್ಕೆ ಅಂಗೈಯಲ್ಲಿ ಎರಡು ತಟ್ಟಿ, ಬಾನೆಟ್ ತೋರಿಸಿ, "ಬಾಯಿ ತೆಗ್ಸಪ್ಪ" ಅಂದರು. ಅವರು ಜೀವಮಾನದಲ್ಲಿ ಆರಿಸಿ ಕೊಂಡದ್ದು ಎತ್ತುಗಳನ್ನು ಮಾತ್ರ.

"ಕೆಸರಿಗೆ ಇಳಿದೈತಾ?"

ಹುಡುಗನಿಗೆ ಖುಷಿಯಾಯಿತು. "ಒಂದ್ಸಲಾನೂ ಇಳಿಸಿಲ್ಲ ಸಾರ್! ಮಳೇಲಿ ಆಚೆಗೇ ತೆಗ್ದಿಲ್ಲ."

ಯಜಮಾನರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನೊಗ ಕಾಣ್ದಿರೋ ಎತ್ತು ಕಟ್ಕಂಡು ನಾನೇನ್ ಮಾಡ್ಲಪ್ಪ, ಆರತಿ ಬೆಳಗ್ಲಾ?"

ಟವೆಲಿನ ಕೆಳಗೆ

ಎರಡನೆಯದು ಪೀಣ್ಯದಲ್ಲಿ, ಹಳೇ ಗಾಡಿ ಮಾರುವವನ ಹತ್ತಿರ. ಕಲ್ಲು ಕ್ವಾರಿಯಲ್ಲಿ ದುಡಿದ ಜೀಪು. ಮೈತುಂಬ ಗೀರು, ಅಡಿ ಮಾತ್ರ ಗಟ್ಟಿ. ಅಂಗಡಿ ಹಿಂದಿನ ಮಣ್ಣುಗುಡ್ಡೆಯ ಮೇಲೆ ನಾಲ್ಕೂ ಚಕ್ರ ಎಳೆಯುವಂತೆ ಮಾಡಿ ಹತ್ತಿಸಿ ನೋಡಿದೆ, ಹತ್ತಿತು. ಯಜಮಾನರು ಆ ಹೊತ್ತಿಗೆ ಟೀ ಕುಡಿಯುತ್ತಿದ್ದರು. ಇದು ಆಮೇಲೆ ಮುಖ್ಯವಾಗುತ್ತದೆ.

ಇಲ್ಲೊಂದು ವಿಷಯ ಹೇಳಬೇಕು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಪಕ್ಕದವರಿಗೆ ತಿಳಿಯಬಾರದೆಂದು ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತಾರೆ. ಬೆಲೆ ಒಪ್ಪದಿದ್ದರೆ ಕೈ ಎಳೆದುಕೊಳ್ಳುತ್ತಾರೆ.

ಯಜಮಾನರು ಮಾರುವವನ ಕೈ ಹಿಡಿದು ಟವೆಲು ಹೊದಿಸಿದರು. ಅವನು ಗಾಬರಿಯಾಗಿ ನನ್ನ ಕಡೆ ನೋಡಿದ. "ಸಾರ್, ಇವ್ರಿಗೆ ಬಿಪಿ ಗಿಪಿ ಇದ್ಯಾ? ತಲೆ ಸುತ್ತುತಾ ಇದ್ಯಾ?"

ಯಜಮಾನರು ಬೆರಳು ಒತ್ತಿದರು. ಅವನು ಕೈ ಎಳೆದುಕೊಂಡ. ಯಜಮಾನರು ಇನ್ನೊಂದು ಬೆರಳು ಸೇರಿಸಿ ಒತ್ತಿದರು. ಅವನು ಇನ್ನೂ ಜೋರಾಗಿ ಎಳೆದ. "ಅಣ್ಣಾ, ಬಿಡಿ, ಹುಡುಗ್ರು ನೋಡ್ತಾವ್ರೆ!"

"ಭಾರಿ ಗಟ್ಟಿ ಆಸಾಮಿ ಕಣಪ್ಪ" ಎಂದು ನನ್ನ ಕಿವಿಯಲ್ಲಿ ಹೇಳಿ ಯಜಮಾನರು ಮತ್ತೂ ಏರಿಸಿದರು. ಅವನು ಸಾಕಾಗಿ ಕೈ ಸಡಿಲ ಬಿಟ್ಟ. ವ್ಯಾಪಾರ ಮುಗಿಯಿತು ಎಂದು ಯಜಮಾನರು ಹಣೆ ಒರೆಸಿಕೊಂಡರು.

ಆಮೇಲೆ ಬಾಯಲ್ಲಿ ಕೇಳಿದಾಗ ತಿಳಿಯಿತು, ಅವನು ಹೇಳಬೇಕೆಂದಿದ್ದ ಬೆಲೆ ಯಜಮಾನರು ಮೊದಲು ಒತ್ತಿದ ಬೆರಳಿಗಿಂತಲೂ ಕಮ್ಮಿ. ಒಳ್ಳೆಯವನು, ಅಷ್ಟನ್ನೇ ತೆಗೆದುಕೊಂಡ. ಯಜಮಾನರಿಗೆ ಮಾತ್ರ ದಾರಿಯುದ್ದಕ್ಕೂ ಬೇಜಾರು. "ಇಂಥವ್ನು ಸಂತೆಗೋದ್ರೆ ಎಂಗಪ್ಪಾ ಬದುಕ್ತಾನೆ?"

ಕಲ್ಲು

ಜೀಪು ಬಂತು. ಕುಂಕುಮ, ನಿಂಬೆಹಣ್ಣು, ಮುಂದುಗಡೆ ಹಳೇ ಎತ್ತಿನ ಗೆಜ್ಜೆ ಎಲ್ಲ ಆಯಿತು. ಅಮ್ಮ ಹೊಸ ಸೀರೆಯುಟ್ಟು ಬಂದು, ಕಾಲು ಎತ್ತಿ, ಹಾಗೇ ಇಳಿಸಿದರು. ಎಂಜಿನ್, ಟೈರು, ಅಡಿ ಎಲ್ಲ ನೋಡಿದ್ದೆವು. ಜೀಪಿನ ಎತ್ತರಕ್ಕೆ ಅಮ್ಮನ ಮಂಡಿ ಬಗ್ಗುತ್ತದಾ ಅಂತ ಇಬ್ಬರೂ ನೋಡಿರಲಿಲ್ಲ.

ಸ್ಟೂಲು ಇಟ್ಟೆ. "ಅಲ್ಲಾಡ್ತದೆ ಮಗ" ಅಂದರು. ಕೊನೆಗೆ ಹಿತ್ತಲಿನಿಂದ ಗೋಡೆ ಕಟ್ಟುವ ಒಂದು ಸೈಜುಗಲ್ಲು ತಂದೆ. ಅಮ್ಮ ಅದರ ಮೇಲೆ ನಿಂತು, ನನ್ನ ಭುಜ ಹಿಡಿದು ಹತ್ತಿದರು. ಎಲ್ಲರೂ ನಕ್ಕೆವು. ಗಾಡಿ ಹೊರಡುವಾಗ ಅಮ್ಮ ಕೇಳಿದರು, "ಅಲ್ಲಿ ಎಂಗ್ ಇಳೀಲಿ?"

ಕಲ್ಲನ್ನೂ ಹತ್ತಿಸಿದೆ. ಕಲ್ಲು ಇಳಿಸಿ ಹತ್ತಿಸುವವನು ಬೇಕಲ್ಲ, ನಾನೂ ಹತ್ತಿದೆ.

ಅಮ್ಮನ ಮಾತು

ಆ ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇದೆ. ಅದನ್ನು ಹಾಕಿದರೆ ಮಾತ್ರ ನಾಲ್ಕೂ ಚಕ್ರ ಎಳೆಯುವುದು. ಯಜಮಾನರಿಗೆ ವಿವರಿಸಲು ಹೋದೆ. ಸ್ವಲ್ಪ ಉದ್ದವಾಯಿತೇನೋ, ಆಕಳಿಸಿದರು. "ಒಂದು ಎತ್ತಿಗೆ ಎರಡು ಮೂಗುದಾರ ಯಾಕಪ್ಪ? ಅದು ಸುಮ್ನೆ ಎಕ್ಸ್‌ಟ್ರಾ ಕೊಟ್ಟವ್ರೆ." ಅಮ್ಮ ತಮ್ಮ ಚೀಲವನ್ನು ಅದಕ್ಕೇ ನೇತುಹಾಕಿದರು.

ಯಜಮಾನರೇ ಓಡಿಸುತ್ತಿದ್ದರು (ಬಾಡಿಗೆ ಟ್ರ್ಯಾಕ್ಟರ್ ಓಡಿಸಿ ಗೊತ್ತಿತ್ತು). ಕಾಲುವೆ ಇಳಿದೆವು. ಹತ್ತುವಾಗ ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ತಿರುಗಿ ಜೀಪು ನಿಂತೇಬಿಟ್ಟಿತು. ಯಜಮಾನರ ಮುಖ ಸಣ್ಣದಾಯಿತು. ಎದುರಿಗೇ ಹೊಲ, ಕಾಯಿ ತೂಗುವುದು ಕಾಣುತ್ತಿತ್ತು. "ಇಲ್ಲೀಗಂಟ ಬಂದೂ..." ಅಂದವರು ಹೆಂಡತಿಯ ಕಡೆ ನೋಡಲಿಲ್ಲ.

ಅಮ್ಮ ಕೂತಲ್ಲಿಂದಲೇ ಎದುರಿನ ಡ್ಯಾಶ್‌ಬೋರ್ಡನ್ನು ಸವರಿದರು. "ಏಳು ಮಗ. ಏಳು, ಕಾಯಿ ಬಲ್ತೋಯ್ತದೆ."

ಯಜಮಾನರು ಕ್ಲಚ್ ತುಳಿದ ಹೊತ್ತಿಗೆ, ಹಿಂದೆ ಕೂತಿದ್ದ ನಾನು ಚೀಲ ಸರಿಮಾಡುವವನಂತೆ ಕೈಚಾಚಿ ಲಿವರ್ ಹಾಕಿದೆ. ಜೀಪು ಗುರುಗುಟ್ಟಿ ಎದ್ದು ದಡ ಹತ್ತಿತು.

ಯಜಮಾನರು ಹೆಂಡತಿಯನ್ನು ಬೆರಗಿನಿಂದ ನೋಡಿದರು. "ನಿನ್ ಮಾತು ಕೇಳೋನು ನಾನೊಬ್ನೇ ಅಂದ್ಕಂಡಿದ್ದೆ ಕಣೇ."

ಅವತ್ತು ಅಮ್ಮ ಬದುವಿನ ಪಕ್ಕ ಅದೇ ಕಲ್ಲಿನ ಮೇಲೆ ಕೂತರು. ಯಜಮಾನರು ಒಂದೊಂದೇ ಗಿಡ ಅವರ ಕಡೆಗೆ ಬಗ್ಗಿಸಿ ಹಿಡಿದರು, ಅಮ್ಮ ಕಿತ್ತರು. ಕೊನೆಗೆ ಅಮ್ಮ ಸೊಗಡು ಅಂಟಿದ ಅಂಗೈಯನ್ನು ನನ್ನ ಮೂಗಿಗೆ ಹಿಡಿದು, "ನೋಡು" ಅಂದರು.

ಆಮೇಲಿನ ಭಾನುವಾರಗಳಲ್ಲೂ ಕಾಲುವೆಯಲ್ಲಿ ಚೀಲ ಸರಿಮಾಡುವ ನೆಪದಲ್ಲಿ ಲಿವರ್ ಹಾಕಿ, ದಡ ಹತ್ತಿದ ಮೇಲೆ ತೆಗೆಯುತ್ತಿದ್ದೆ. ಹೋದ ಭಾನುವಾರ ನನಗೆ ಶಿಫ್ಟ್ ಇತ್ತು. ಕಲ್ಲಿಗೆ ಬೇರೆಯವರನ್ನು ಕರೆದುಕೊಂಡು ಹೋದರಂತೆ. ಸಂಜೆ ಇಬ್ಬರೂ ಖಾಲಿ ಚೀಲ ಹಿಡಿದು ಜಗಲಿ ಮೇಲೆ ಕೂತಿದ್ದರು.

"ಕಾಲುವೇಲಿ ಇವ್ಳು ಎಷ್ಟು ಕರೆದ್ರೂ ಜೀಪು ಏಳ್ಲಿಲ್ಲ ಕಣಪ್ಪ" ಅಂದರು ಯಜಮಾನರು. "ಅಂಗೇ ಇಂದುಕ್ಕೇ ವಾಪಸ್ ಬಂದ್ವಿ."

"ಅದ್ರ ತಪ್ಪೇನೈತೆ?" ಅಂದರು ಅಮ್ಮ. "ಮಗ ಬಂದಿಲ್ಲ ಅಂತ ಬೇಜಾರ್ ಮಾಡ್ಕಂಡೈತೆ."

ಹಾಗಾಗಿ ಇವತ್ತು ಆ ಲಿವರ್ ವಿಷಯ ಅವರಿಗೆ ಪೂರ್ತಿ ಹೇಳಿಬಿಡಬೇಕು ಅಂತ ನಿಶ್ಚಯ ಮಾಡಿದ್ದೇನೆ. ಹೇಗೆ ಹೇಳುವುದೆಂದು ಮೊದಲು ಇಲ್ಲೇ ಬರೆದು ನೋಡುತ್ತೇನೆ. ನೋಡಿ, ಎಂಜಿನ್ನಿನ ಶಕ್ತಿ ಮಾಮೂಲಿಯಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಈ ಗಿಡ್ಡ ಲಿವರ್ ಇದೆಯಲ್ಲ, ಇದನ್ನು ಹಾಕಿದಾಗ ಏನಾಗುತ್ತದೆಂದರೆ...

ಕೆಳಗಿನಿಂದ ಜೀಪಿನ ಗೆಜ್ಜೆ ಸದ್ದು. ಅಮ್ಮ ಕೂಗುತ್ತಿದ್ದಾರೆ. "ಮಗಾ, ಕಲ್ಲು ತಗಂಡ್ ಬಾ! ಜೀಪು ನಿನ್ನೇ ಕಾಯ್ತಾ ನಿಂತೈತೆ!"

ಬಂದೆ ಅಮ್ಮ, ಬಂದೆ. ಏನಾಗುತ್ತದೆಂದರೆ, ಮುಂದಿನ ಎರಡೂ